ಗರ್ಭಿಣಿಯ ಅಂಡಾಶಯದಲ್ಲಿ ನೀರುಗುಳ್ಳೆ

ಮನೆಯಾಕೆಗೆ ಎರಡು ತಿಂಗಳು ತುಂಬಿದೆ. ಸೋನೋಗ್ರಫಿ ರಿಪೋರ್ಟಿನಲ್ಲಿ ‘ಎಡ ಅಂಡಾಶಯದಲ್ಲಿ ಸಿಸ್ಟ್, 4 ಸೆಂಟಿಮೀಟರ್’ ಎಂದಿರುತ್ತದೆ. ಅಷ್ಟಕ್ಕೇ ನಮ್ಮಲ್ಲಿ ಹಲವರ ಕೈಕಾಲು ತಣ್ಣಗಾಗುತ್ತದೆ. ಕೆಲವರು ಅದನ್ನು ಕ್ಯಾನ್ಸರೆಂದೇ ತಿಳಿದು, ಆ ರಾತ್ರಿಯೇ ಆಕೆಯನ್ನು ಊರಿನ ಗಾಡಿ ಹತ್ತಿಸಲು ಹೊರಡುತ್ತಾರೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬಯಸುತ್ತೇವೆ.

ತಿಂಗಳಿಗೊಮ್ಮೆ ಹೆಂಗಸಿನ ಅಂಡಾಶಯದಲ್ಲಿ ಒಂದು ಪುಟ್ಟ ಚೀಲ ಬಲಿತು, ಒಡೆದು, ಅಂಡವನ್ನು ಹೊರಬಿಡುತ್ತದೆ. ಒಡೆದ ಚೀಲದ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಅದು ಹಳದಿ ಬಣ್ಣದ ಗಂಟಾಗಿ ಪ್ರೊಜೆಸ್ಟೆರೋನ್ ಎಂಬ ರಸವನ್ನು ಒಸರುತ್ತದೆ. ಬಸಿರು ನಿಂತರೆ ಮೊದಲ ಏಳೆಂಟು ವಾರ ಅದನ್ನು ಕಾಪಾಡುವುದು ಈ ರಸವೇ. ಅನಂತರ ಮಾಸು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಈ ಗಂಟಿನೊಳಗೆ ನೀರು ತುಂಬಿಕೊಂಡರೆ ಅದೂ ಒಂದು ಸಿಸ್ಟ್. ಮೊದಲ ತಿಂಗಳುಗಳಲ್ಲಿ ಕಾಣುವ ಗುಳ್ಳೆಗಳಲ್ಲಿ ಬಹುಪಾಲು ಇಂಥವೇ. ನಾವು ಶತ್ರುವೆಂದು ಹೆದರಿದ್ದು ಕೂಸಿನ ಕಾವಲುಗಾರ! ಏಳನೆಯ ವಾರಕ್ಕೆ ಮುಂಚೆ ಈ ಗಂಟನ್ನು ತೆಗೆದರೆ ಬಸಿರು ಇಳಿದುಹೋಗುತ್ತದೆಂದು ಆರ್ಪಾಡ್ ಚಾಪೋ ಎಂಬ ವೈದ್ಯರು 1970ರ ದಶಕದ ಆದಿಯಲ್ಲಿ ತೋರಿಸಿಕೊಟ್ಟರು.

ಗುಳ್ಳೆ 5 ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು ಒಳಗೆ ಬರಿಯ ನೀರಿದ್ದರೆ, ಅದು ಸಾಮಾನ್ಯವಾಗಿ ನಾಲ್ಕನೆಯ ತಿಂಗಳ ಹೊತ್ತಿಗೆ ತಾನಾಗಿ ಕರಗುತ್ತದೆ. ವೈದ್ಯರು ಮತ್ತೊಮ್ಮೆ ಸೋನೋಗ್ರಫಿ ಮಾಡಿಸಿ ನೋಡುತ್ತಾರೆ, ಅಷ್ಟೇ. ಕೂದಲು, ಕೊಬ್ಬು, ಒಮ್ಮೊಮ್ಮೆ ಹಲ್ಲೂ ಇರುವ ಡರ್ಮಾಯ್ಡ್ ಎಂಬ ಜಾತಿ ಕರಗುವುದಿಲ್ಲ. ಅದೂ ಸಾಮಾನ್ಯವಾಗಿ ಕ್ಯಾನ್ಸರಲ್ಲ. ಬಸುರಿಯಲ್ಲಿ ಕ್ಯಾನ್ಸರಿನ ಗಡ್ಡೆ ಬಲು ಅಪರೂಪ. ಶಸ್ತ್ರಕ್ರಿಯೆ ಬೇಕಾದರೂ, ಅವಸರವಿಲ್ಲದಾಗ, ನಾಲ್ಕನೆಯ ತಿಂಗಳವರೆಗೆ ತಡೆಯುತ್ತಾರೆ. (ಈ ಸೋನೋಗ್ರಫಿಯ ಆರಂಭದ ಕಥೆಯಲ್ಲೂ ಇಂಥದೇ ಒಂದು ಗುಳ್ಳೆಯಿದೆ. 1950ರ ದಶಕದಲ್ಲಿ ಗ್ಲ್ಯಾಸ್ಗೋ ನಗರದ ಇಯಾನ್ ಡೊನಾಲ್ಡ್ ಎಂಬ ವೈದ್ಯರು, ಕ್ಯಾನ್ಸರೆಂದು ಕೈಬಿಟ್ಟಿದ್ದ ಹೆಂಗಸೊಬ್ಬಳ ಹೊಟ್ಟೆಯಲ್ಲಿದ್ದುದು ಅಂಡಾಶಯದ ಗುಳ್ಳೆಯೆಂದು ಈ ವಿಧಾನದಿಂದ ಕಂಡುಕೊಂಡು ಆಕೆಯನ್ನು ಉಳಿಸಿದರು.)

ತಡಮಾಡಬಾರದ ಸಂದರ್ಭವೂ ಇದೆ. ಗುಳ್ಳೆಯ ಭಾರಕ್ಕೆ ಅಂಡಾಶಯ ಬುಡದಲ್ಲಿ ತಿರುಚಿಕೊಂಡರೆ ಅದಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ಕಿಬ್ಬೊಟ್ಟೆಯ ಒಂದೇ ಕಡೆ ಥಟ್ಟನೆ ಕಡುನೋವು, ಜೊತೆಗೆ ವಾಂತಿ. ಗರ್ಭಕೋಶದ ಹೊರಗೆ ಬಸಿರು ನಿಂತಾಗಲೂ ಇಂಥ ನೋವು, ರಕ್ತಸ್ರಾವ, ತಲೆಸುತ್ತು ಬರುತ್ತವೆ. ಇದನ್ನು ಬಸುರಿಯ ಮಾಮೂಲು ವಾಂತಿಯೆಂದು ಕಷಾಯ ಕುಡಿಸಿ ಮಲಗಿಸಬಾರದು. ಗಂಡ ಪಾಳಿ ಮುಗಿಸಿ ಬರಲೆಂದು ಕಾಯುವುದೂ ಬೇಡ; ಚಾಳಿನ ನೆರೆಯವರೇ ಆಸ್ಪತ್ರೆಗೆ ಕರೆದೊಯ್ಯಲಿ. ಶಸ್ತ್ರಕ್ರಿಯೆಗೆ ಪ್ರಾಯದ ಹೆಂಗಸಿನ ಸ್ವಂತ ಸಹಿ ಸಾಕು. ಬೇಗ ಹೋದರೆ ತಿರುಚಿದ್ದನ್ನು ಬಿಡಿಸಿ ಅಂಡಾಶಯವನ್ನು ಉಳಿಸುವುದು ಹಲವು ವೇಳೆ ಸಾಧ್ಯ.

ಹೋಗುವಾಗ ಹಳೆಯ ರಿಪೋರ್ಟನ್ನು ಮರೆಯದೆ ಒಯ್ಯಿರಿ. ಮೊದಲಿನ ಅಳತೆ ಕೈಯಲ್ಲಿದ್ದರೆ ಗುಳ್ಳೆ ಬೆಳೆಯಿತೋ ಇಳಿಯಿತೋ ಎಂಬುದು ವೈದ್ಯರಿಗೆ ತಿಳಿಯುತ್ತದೆ.