ಹನುಮನ ಬಾಲ ಎಷ್ಟುದ್ದ?

ಪ್ರಶ್ನೆ: ಮಗನಿಗೆ ಹನುಮಂತನ ವೇಷ ಕಟ್ಟುತ್ತಿದ್ದೇವೆ. ಬಾಲ ಸಹಜವಾಗಿ ಕಾಣಲು ಎಷ್ಟುದ್ದ ಇರಬೇಕು?
– ಓದುಗರೊಬ್ಬರು, ಚಾಣಕ್ಯಪುರಿ

ಉತ್ತರ: ನಿಮ್ಮ ಕಾಂಪೌಂಡಿಗೆ ನುಗ್ಗುವ ಕೆಂಪು ಮೂತಿಯ ಕೋತಿ ನೋಡಿ ಅಳತೆ ಹಾಕಬೇಡಿ. ಅದರ ಬಾಲ ಮೈಯುದ್ದದ ಅರ್ಧದಷ್ಟೂ ಇರುವುದಿಲ್ಲ. 2023ರ ಜಿ20 ಸಭೆಯ ಹೊತ್ತಿಗೆ ಆ ಕೋತಿಗಳನ್ನು ಹೆದರಿಸಲು ಸರ್ದಾರ್ ಪಟೇಲ್ ಮಾರ್ಗದಲ್ಲಿ ಕಟೌಟ್ ನಿಲ್ಲಿಸಿದ್ದರಲ್ಲ, ಆ ಕರಿಮೂತಿಯ ಮುಸುವವೇ ನಿಮಗೆ ಮಾದರಿ. ಅದರ ಬಾಲ ಮೈಗಿಂತ ಉದ್ದ. ಒಂದೂಕಾಲು ಪಾಲು ಹಿಡಿಯಿರಿ.

ಮೈಯುದ್ದದಲ್ಲಿ ಕಾಲು ಲೆಕ್ಕಕ್ಕಿಲ್ಲ, ಹಾಗಾಗಿ ಮಗನನ್ನು ಗೋಡೆಗೊರಗಿಸಿ ನೆಲದ ಮೇಲೆ ಕೂರಿಸಿ. ನೆಲದಿಂದ ನೆತ್ತಿಗೆ 64 ಸೆಂ.ಮೀ. ಬಂದರೆ ಬಾಲ 80 ಸೆಂ.ಮೀ. ಇಳಿಬಿಟ್ಟರೆ ನೆಲ ಗುಡಿಸುತ್ತದೆ, ಮೇಲಕ್ಕೆ ಬಾಗಿಸಲೇಬೇಕು. ಸ್ವಾರಸ್ಯವೆಂದರೆ, ಉತ್ತರದ ಮುಸುವ ನಡೆಯುವಾಗ ಬಾಲ ಬೆನ್ನಿನ ಮೇಲೆ ತಲೆಯತ್ತ ಬಾಗುತ್ತದೆ. ನಮ್ಮ ದಕ್ಷಿಣದ್ದು ಹಿಂದಕ್ಕೆ. ಕಿಷ್ಕಿಂಧೆ ಹಂಪಿಯ ಹತ್ತಿರವೆಂದು ನಂಬುವವರು ಹಿಂದಕ್ಕೇ ಬಾಗಿಸಲಿ!

ದಪ್ಪ ಬುಡದಿಂದ ತುದಿಯವರೆಗೆ ಹೆಚ್ಚುಕಡಿಮೆ ಒಂದೇ ಇರಲಿ. ಒಳಗೆ ಅಲ್ಯೂಮಿನಿಯಂ ತಂತಿ, ಸುತ್ತ ಸ್ಪಾಂಜು. ಬುಡವನ್ನು ಅಗಲವಾದ ಬೆಲ್ಟಿಗೆ ಹೊಲಿಯಿರಿ. ಚಡ್ಡಿಗೆ ಹೊಲಿದರೆ ಭಾರಕ್ಕೆ ಜಾರೀತು. ತಂತಿಯ ತುದಿ ಮಡಚಿ ಬಟ್ಟೆ ಸುತ್ತಲು ಮರೆಯಬೇಡಿ, ಪಕ್ಕದಲ್ಲಿ ನಿಂತ ಮಕ್ಕಳ ಕಣ್ಣಿಗೆ ತಾಗಬಾರದು.