ಹಡಗು ಬಾಡಿಗೆಯದು, ಕಟ್ಟು ಊರಿನದು

ಪೋರ್ಟ್ ಕೆಂಬ್ಲಾದ ಹಿಲ್ 60 ಗುಡ್ಡದ ಮೇಲೆ ನಿಂತರೆ ಒಂದು ಕಡೆ ಐದು ದ್ವೀಪಗಳಿರುವ ಟಾಸ್ಮನ್ ಸಮುದ್ರ, ಇನ್ನೊಂದು ಕಡೆ ಬ್ಲೂಸ್ಕೋಪ್ ಉಕ್ಕಿನ ಕಾರ್ಖಾನೆ, ಕಲ್ಲಿದ್ದಲ ರಾಶಿ, ಧಾನ್ಯದ ಕಣಜ. ಊರು ಸಿಡ್ನಿಯಿಂದ ದಕ್ಷಿಣಕ್ಕೆ ಸುಮಾರು 90 ಕಿ.ಮೀ. ಸೆಂಟ್ರಲ್ ನಿಲ್ದಾಣದಲ್ಲಿ ಹತ್ತಿದ ರೈಲು ರಾಯಲ್ ನ್ಯಾಷನಲ್ ಪಾರ್ಕಿನ ಕಾಡು ದಾಟಿ, ಕಡಿದಾದ ಬೆಟ್ಟಕ್ಕೂ ಕಡಲಿಗೂ ನಡುವಿನ ಇಕ್ಕಟ್ಟಿನಲ್ಲಿ ನುಸುಳಿ ವೊಲೊಂಗಾಂಗ್ ಮುಟ್ಟಿಸುತ್ತದೆ. ಅಲ್ಲಿಂದ ಬಂದರು ಹತ್ತಿರ. ಈ ಗುಡ್ಡದಲ್ಲಿ ಮೊದಲು ಮೂಲನಿವಾಸಿ ಕುಟುಂಬಗಳಿದ್ದವು. 1942ರಲ್ಲಿ ಯುದ್ಧಕಾಲದ ಫಿರಂಗಿ ನೆಲೆಗಾಗಿ ಅವರನ್ನು ಎಬ್ಬಿಸಲಾಯಿತು.

ನಮ್ಮ ಕಣ್ಣು ಹುಡುಕುತ್ತಿರುವುದು ಒಳಬಂದರಿನ 101ನೇ ಧಕ್ಕೆಯನ್ನು. ಹಳೆಯ ಧಕ್ಕೆಯನ್ನು ಒಡೆದು, ನೆಲವನ್ನು ಒಳಕ್ಕೆ ಅಗೆದು, ದೊಡ್ಡ ಹಡಗೊಂದು ಹಿಡಿಯುವಷ್ಟು ಜಾಗ ಮಾಡಿದ್ದಾರೆ. ಅಗೆದ ಮಣ್ಣನ್ನು ಹೊರಬಂದರಿಗೆ ತುಂಬಿದ್ದಾರೆ. ಆಂಡ್ರ್ಯೂ ಫಾರೆಸ್ಟ್ ಅವರ ಸ್ಕ್ವಾಡ್ರನ್ ಎನರ್ಜಿ ಕಂಪನಿಯ, ಅನಿಲ ಆಮದಿಗೆಂದು ಮಾಡಿದ ತೇಲುವ ಟರ್ಮಿನಲ್‌ನ ಜಾಗ ಇದು. ನ್ಯೂ ಸೌತ್ ವೇಲ್ಸ್ ಸರ್ಕಾರ 2019ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು, 2024ರ ಕೊನೆಯ ಹೊತ್ತಿಗೆ ಕಟ್ಟಡದ ಕೆಲಸ ಬಹುತೇಕ ಮುಗಿದಿತ್ತು. ಇಲ್ಲಿಗೆಂದು ಗೊತ್ತು ಮಾಡಿದ್ದ ‘ಹೋಗ್ ಗ್ಯಾಲಿಯನ್’ ಹಡಗು ಮಾತ್ರ ಅದೇ ವರ್ಷ ಈಜಿಪ್ಟಿನ ಐನ್ ಸುಖ್ನಾ ಬಂದರಿಗೆ ಹೋಯಿತು.

ತೇಲುವ ಟರ್ಮಿನಲ್ ಎಂದರೆ ಹೀಗೆ: ನೈಸರ್ಗಿಕ ಅನಿಲವನ್ನು ಮೈನಸ್ 162 ಡಿಗ್ರಿಗೆ ತಣಿಸಿದರೆ ಅದು ದ್ರವವಾಗುತ್ತದೆ, ಗಾತ್ರ 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ದ್ರವವನ್ನು ತರುವ ಹಡಗು ಬೇರೆ. ಅದನ್ನು ತುಂಬಿಸಿಕೊಂಡು, ಮತ್ತೆ ಬಿಸಿ ಮಾಡಿ, ಅನಿಲವಾಗಿಸಿ ಪೈಪಿಗೆ ಬಿಡುವ ಹಡಗು ಬೇರೆ. ಎರಡನೆಯದು ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಅದನ್ನು ಬಾಡಿಗೆಗೆ ತರಬಹುದು, ಬೇಡವಾದರೆ ಕಳಿಸಬಹುದು. ಕಟ್ಟಿ ನಿಲ್ಲಿಸುವ ಏರ್ಪಾಡನ್ನು ಮಾತ್ರ ಬಾಡಿಗೆಗೆ ತರಲಾಗದು. ಅದನ್ನು ಆಯಾ ಊರಿನ ಗಾಳಿ, ಅಲೆ, ಉಬ್ಬರ, ತಳದ ಮಣ್ಣು ನೋಡಿಕೊಂಡೇ ರೂಪಿಸಬೇಕು.

ಸಣ್ಣ ಅಲೆಯ ದೊಡ್ಡ ಕಾಟ

ಬ್ರೇಕ್‌ವಾಟರ್ ಮೇಲೆ ಗಾಳ ಹಾಕಿ ಕುಳಿತವರ ಮುಂದೆ ಬಡಿಯುವ ಅಲೆ ನೋಡಿದರೆ, ಹಡಗಿಗೆ ಕಾಟ ಕೊಡುವುದು ಇದೇ ಎನಿಸುತ್ತದೆ. ಆದರೆ ಹತ್ತು ಹನ್ನೆರಡು ಸೆಕೆಂಡಿಗೊಮ್ಮೆ ಬರುವ ಅಲೆ 300 ಮೀಟರ್ ಉದ್ದದ ಹಡಗನ್ನು ಅಷ್ಟಾಗಿ ಅಲುಗಿಸುವುದಿಲ್ಲ. ಕಾಡುವುದು ಒಂದೆರಡು ನಿಮಿಷಕ್ಕೊಮ್ಮೆ ಬರುವ ದೀರ್ಘ ಅಲೆ. ಅದರ ಎತ್ತರ ಕೆಲವೇ ಸೆಂಟಿಮೀಟರ್, ಬರಿಗಣ್ಣಿಗೆ ಕಾಣಿಸುವುದೂ ಇಲ್ಲ. ಹಗ್ಗಗಳಿಂದ ಕಟ್ಟಿದ ಹಡಗು ಹಿಂದೆ ಮುಂದೆ ಓಲಾಡುವ ಸಹಜ ಗತಿಯೂ ಸರಿಸುಮಾರು ಅಷ್ಟೇ ಹೊತ್ತಿನದು. ಎರಡೂ ತಾಳ ಕೂಡಿಸಿದರೆ ಗಾಳಿಯಿಲ್ಲದ ದಿನವೂ ಹಡಗು ಮೀಟರುಗಟ್ಟಲೆ ಜಾರುತ್ತದೆ, ಹಗ್ಗ ಹರಿಯುತ್ತದೆ. ಪಕ್ಕದಲ್ಲಿ ಇನ್ನೊಂದು ಭಾರಿ ಹಡಗು ಸಾಗಿದರೂ ಅದು ತಳ್ಳಿದ ನೀರು ಕಟ್ಟಿದ ಹಡಗನ್ನು ಸೆಳೆಯುತ್ತದೆ. ಧಕ್ಕೆಯನ್ನು ದಡದೊಳಕ್ಕೆ ಕೊರೆದಷ್ಟೂ ಆ ಸೆಳೆತ ಕಡಿಮೆ.

ಇದನ್ನೆಲ್ಲ ಊಹೆಯ ಮೇಲೆ ಲೆಕ್ಕ ಹಾಕಲಾಗದು. ಸಿಡ್ನಿಯ ಉತ್ತರದ ಮ್ಯಾನ್ಲಿ ವೇಲ್‌ನಲ್ಲಿರುವ ಮ್ಯಾನ್ಲಿ ಹೈಡ್ರಾಲಿಕ್ಸ್ ಪ್ರಯೋಗಾಲಯ ಈ ಕರಾವಳಿಯ ಅಲೆಗಳನ್ನು ಅಳೆಯುವ ಬೋಯ್‌ಗಳನ್ನು ನೋಡಿಕೊಳ್ಳುತ್ತದೆ. ಪೋರ್ಟ್ ಕೆಂಬ್ಲಾದ ಹೊರಗಿನ ಬೋಯ್ 1974ರಿಂದ ಲೆಕ್ಕ ಕೊಡುತ್ತಿದೆ. ಹಳದಿ ಬಣ್ಣದ ಆ ಗುಂಡನ್ನು ತಳಕ್ಕೆ ಕಟ್ಟಿರುವ ಸಾಲಿನಲ್ಲಿ ಒಂದಷ್ಟು ಉದ್ದ ರಬ್ಬರ್ ಇರುತ್ತದೆ. ಬಿಗಿಯಾಗಿ ಕಟ್ಟಿದರೆ ಬೋಯ್ ಅಲೆಯ ಜೊತೆ ಏಳದೆ ಅಳತೆ ಸುಳ್ಳಾಗುತ್ತದೆ, ಕಟ್ಟದೇ ಬಿಟ್ಟರೆ ತೇಲಿಹೋಗುತ್ತದೆ. ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು ಎಂಬ ಇದೇ ಪ್ರಶ್ನೆ ದೊಡ್ಡ ಹಡಗಿನ ಹಗ್ಗದ ಮುಂದೆಯೂ ಇದೆ.

ಹವಾಮಾನ ತೀರಾ ಕೆಟ್ಟರೆ ಸಾಮಾನ್ಯ ಸರಕು ಹಡಗು ಧಕ್ಕೆ ಬಿಟ್ಟು ಆಳ ಸಮುದ್ರಕ್ಕೆ ಹೋಗುತ್ತದೆ. 2022ರ ಜುಲೈನಲ್ಲಿ ‘ಪೋರ್ಟ್‌ಲ್ಯಾಂಡ್ ಬೇ’ ಹಾಗೆಯೇ ಪೋರ್ಟ್ ಕೆಂಬ್ಲಾದಿಂದ ಹೊರಬಿದ್ದಿತ್ತು. ಎಂಜಿನ್ ಕೈಕೊಟ್ಟು ರಾಯಲ್ ನ್ಯಾಷನಲ್ ಪಾರ್ಕಿನ ಬಂಡೆಗಳ ಕಡೆ ತೇಲಿತು. ಲಂಗರು ಮತ್ತು ಟಗ್ ದೋಣಿಗಳ ಬಲದಲ್ಲಿ ಉಳಿದುಕೊಂಡು ಕೊನೆಗೆ ಬಾಟನಿ ಕೊಲ್ಲಿ ಸೇರಿತು. ನಗರಕ್ಕೆ ಅನಿಲ ಕೊಡುತ್ತಿರುವ ಹಡಗಿಗೆ ಹೀಗೆ ಎದ್ದು ಹೋಗುವುದು ಸುಲಭವಲ್ಲ. ಅದು ಹೋದರೆ ಅನಿಲವೂ ಹೋಯಿತು.

ಹಗ್ಗ, ಕೊಕ್ಕೆ, ತೋಳು

ಇಂಥ ಹಡಗನ್ನು ಕಟ್ಟುವ ಹಗ್ಗಗಳಲ್ಲಿ ಕೆಲಸದ ಹಂಚಿಕೆಯಿದೆ. ಹಡಗಿಗೆ ಅಡ್ಡಲಾಗಿ ಬರುವವು ಅದು ದಡದಿಂದ ದೂರ ಸರಿಯದಂತೆ ಹಿಡಿಯುತ್ತವೆ. ಉದ್ದಕ್ಕೆ ಓರೆಯಾಗಿ ಬರುವವು ಹಿಂದೆ ಮುಂದೆ ಜಾರದಂತೆ ತಡೆಯುತ್ತವೆ. ಹಿಂದೆ ಉಕ್ಕಿನ ಮಿಣಿ ಇತ್ತು, ಈಗ ಅನಿಲದ ಹಡಗುಗಳಲ್ಲಿ ಹೆಚ್ಚಾಗಿ ಪಾಲಿಎಥಿಲೀನ್ ನಾರಿನ ಹಗ್ಗ. ನೀರಿನ ಮೇಲೆ ತೇಲುವಷ್ಟು ಹಗುರ, ಉಕ್ಕಿನಷ್ಟು ಗಟ್ಟಿ, ಆದರೆ ಹಿಗ್ಗುವುದಿಲ್ಲ. ಅದಕ್ಕೇ ತುದಿಗೆ ಹಿಗ್ಗುವ ನೈಲಾನ್ ಅಥವಾ ಪಾಲಿಯೆಸ್ಟರ್ ಬಾಲ ಜೋಡಿಸುತ್ತಾರೆ.

ಆ ಬಾಲ ಪಾಠವನ್ನೂ ಕಲಿಸಿದೆ. 2015ರ ಮಾರ್ಚ್‌ನಲ್ಲಿ ವೇಲ್ಸ್‌ನ ಮಿಲ್‌ಫರ್ಡ್ ಹೇವನ್‌ನಲ್ಲಿ ‘ಜರ್ಗಾ’ ಎಂಬ ಭಾರಿ ಅನಿಲ ಹಡಗನ್ನು ಧಕ್ಕೆಗೆ ಕಟ್ಟುವಾಗ ಒಂದು ಹಗ್ಗ ಹರಿದು, ಅದರ ತುದಿ ಬೀಸಿ ಬಂದು ಡೆಕ್ಕಿನ ಮೇಲಿದ್ದ ಅಧಿಕಾರಿಯ ತಲೆಗೆ ಗಂಭೀರ ಪೆಟ್ಟಾಯಿತು. ಹಿಗ್ಗದ ಹಗ್ಗ ಹರಿದರೆ ಇದ್ದಲ್ಲೇ ಬೀಳುತ್ತದೆ ಎಂಬ ನಂಬಿಕೆಯಿತ್ತು. ಹಿಗ್ಗುವ ಬಾಲದಲ್ಲಿ ಕೂಡಿಕೊಂಡಿದ್ದ ಬಲ ಆ ನಂಬಿಕೆಯನ್ನು ಸುಳ್ಳು ಮಾಡಿತು. 2018ರಲ್ಲಿ ತೈಲ ಕಂಪನಿಗಳ ಅಂತರರಾಷ್ಟ್ರೀಯ ವೇದಿಕೆ ಹೊರತಂದ ಹೊಸ ಕೈಪಿಡಿ, ಹಗ್ಗದ ಆಯ್ಕೆಯಿಂದ ಹಿಡಿದು ಅದನ್ನು ಕೆಲಸದಿಂದ ತೆಗೆಯುವ ತನಕ ಎಲ್ಲವನ್ನೂ ಒಂದೇ ಏರ್ಪಾಡಾಗಿ ನೋಡುತ್ತದೆ. ಹಗ್ಗ ಹರಿಯುವ ಬಲದ ಸುಮಾರು ಶೇ 60 ಮುಟ್ಟಿದರೆ ಹಗ್ಗ ಸುತ್ತುವ ವಿಂಚ್‌ನ ಬ್ರೇಕ್ ಜಾರಿ ಹಗ್ಗ ಸಡಿಲವಾಗಬೇಕು ಎನ್ನುವುದು ಈ ಕಸುಬಿನ ರೂಢಿಯ ಲೆಕ್ಕ.

ದಡದ ಕಡೆ ಹಗ್ಗದ ಕುಣಿಕೆ ಬೀಳುವುದು ಬಿಚ್ಚುಕೊಕ್ಕೆಗೆ. ಪ್ರತಿ ಕೊಕ್ಕೆಯೊಳಗೂ ಭಾರ ಅಳೆಯುವ ಸಾಧನವಿದ್ದು, ಯಾವ ಹಗ್ಗದಲ್ಲಿ ಎಷ್ಟು ಟನ್ ಬಿಗಿ ಎಂಬುದು ನಿಯಂತ್ರಣ ಕೊಠಡಿಯ ಪರದೆಯಲ್ಲಿ ಕಾಣುತ್ತದೆ. ಹಡಗಿನಿಂದ ದಡಕ್ಕೆ ಅನಿಲ ದಾಟಿಸುವುದು ಕೀಲುಗಳುಳ್ಳ ಉಕ್ಕಿನ ತೋಳು. ಅದು ಚಾಚುವುದಕ್ಕೆ ಮಿತಿಯಿದೆ. ಹಡಗು ಆ ಮಿತಿ ದಾಟುವಂತಾದರೆ ಮೊದಲು ಹರಿವು ನಿಲ್ಲಬೇಕು, ಆಮೇಲೆ ತೋಳು ಕಳಚಿಕೊಳ್ಳಬೇಕು, ಕೊನೆಗಷ್ಟೇ ಕೊಕ್ಕೆ ಬಿಚ್ಚಬೇಕು. ಕ್ರಮ ತಪ್ಪಿದರೆ ಅನಾಹುತ. ಎಂಜಿನಿಯರುಗಳು ಸಮಗ್ರ ವಿನ್ಯಾಸ ಎನ್ನುವುದು ಇದಕ್ಕೇ: ಹಗ್ಗ, ಕೊಕ್ಕೆ, ತೋಳು, ಕವಾಟ ಇವುಗಳನ್ನು ಬೇರೆ ಬೇರೆಯಾಗಿ ಕೊಂಡು ಜೋಡಿಸಿದರೆ ಸಾಲದು.

ಇನ್ನು ದ್ರವ ತುಂಬಿಸಲು ಬರುವ ಹಡಗು. ಅದು ಕಟ್ಟಿದ ಹಡಗಿನ ಮಗ್ಗುಲಿಗೇ ಬಂದು ನಿಲ್ಲುವುದು ವಾಡಿಕೆ. ಮಳೆಗಾಲದ ರಜೆಯಲ್ಲಿ ಮಲ್ಪೆಯ ಧಕ್ಕೆಯಲ್ಲಿ ಬೋಟಿಗೆ ಬೋಟು ಕಟ್ಟಿ, ನಡುವೆ ಹಳೆಯ ಟೈರು ಇಳಿಬಿಡುವುದನ್ನು ಕಂಡವರಿಗೆ ಇದು ಹೊಸದಲ್ಲ. ಇಲ್ಲಿ ಟೈರಿನ ಬದಲು ಗಾಳಿ ತುಂಬಿದ ಭಾರಿ ರಬ್ಬರ್ ಫೆಂಡರುಗಳಿವೆ. ಒಳಗಿನ ಹಡಗಿನ ಹಗ್ಗಗಳು ಆ ಹೊತ್ತಿನಲ್ಲಿ ಎರಡು ಹಡಗುಗಳ ಭಾರ ತಡೆಯಬೇಕು.

ಅಂದಹಾಗೆ, ದಡವೇ ಇಲ್ಲದ ಕಡೆ ಕಟ್ಟುವ ರೀತಿಯೂ ಆಸ್ಟ್ರೇಲಿಯಾದಲ್ಲೇ ಇದೆ. ವಾಯವ್ಯ ಕರಾವಳಿಯ ಬ್ರೂಮ್‌ನಿಂದ 475 ಕಿ.ಮೀ. ದೂರ, ಸುಮಾರು 250 ಮೀಟರ್ ಆಳದಲ್ಲಿ ಶೆಲ್ ಕಂಪನಿಯ ‘ಪ್ರಿಲ್ಯೂಡ್’ ನಿಂತಿದೆ. 488 ಮೀಟರ್ ಉದ್ದದ ಈ ತೇಲುವ ಕಾರ್ಖಾನೆ ಅನಿಲವನ್ನು ದ್ರವವಾಗಿಸುತ್ತದೆ. ಅದರ ಮೂತಿಯ ಹತ್ತಿರ ಒಡಲೊಳಗೊಂದು ತಿರುಗುಗೋಪುರವಿದೆ. ತಳಕ್ಕೆ ಬಿಗಿದ 16 ಸಾಲುಗಳು ಹಿಡಿದಿರುವುದು ಗೋಪುರವನ್ನು. ಹಡಗು ಅದರ ಸುತ್ತ ಗಾಳಿ ಬಂದತ್ತ ಮುಖ ಮಾಡುತ್ತದೆ. 5ನೇ ದರ್ಜೆಯ ಚಂಡಮಾರುತ ಬಂದರೂ ಜಾಗ ಬಿಡದಂತೆ ಅದನ್ನು ರೂಪಿಸಿದ್ದಾರೆ.

ಕ್ರಿಬ್ ಪಾಯಿಂಟ್‌ನ ತೀರ್ಪು

ಮೆಲ್ಬರ್ನ್‌ನಿಂದ ಫ್ರಾಂಕ್‌ಸ್ಟನ್‌ವರೆಗೆ ವಿದ್ಯುತ್ ರೈಲು, ಅಲ್ಲಿಂದ ಡೀಸೆಲ್ ರೈಲು. ಕೊನೆಯ ನಿಲ್ದಾಣ ಸ್ಟೋನಿ ಪಾಯಿಂಟ್‌ಗೆ ಒಂದು ನಿಲ್ದಾಣ ಮೊದಲು, ಕ್ರಿಬ್ ಪಾಯಿಂಟ್‌ನಲ್ಲಿ ಇಳಿದು ನಡೆದರೆ ವೂಲೀಸ್ ಬೀಚ್. ಮುಂದೆ ವೆಸ್ಟರ್ನ್‌ಪೋರ್ಟ್ ಕೊಲ್ಲಿಯೊಳಕ್ಕೆ ಚಾಚಿದ ಉದ್ದನೆಯ ಜೆಟ್ಟಿ ಕಾಣುತ್ತದೆ. 1960ರ ದಶಕದಲ್ಲಿ ಬಿಪಿ ಕಂಪನಿಯ ತೈಲ ಶುದ್ಧೀಕರಣ ಘಟಕಕ್ಕೆಂದು ಮಾಡಿದ್ದು. ಘಟಕ 1985ರಲ್ಲಿ ಮುಚ್ಚಿತು, ಜೆಟ್ಟಿ ಉಳಿಯಿತು. ಎಜಿಎಲ್ ಕಂಪನಿ ಇಲ್ಲಿ ಅನಿಲದ ಹಡಗು ಕಟ್ಟಲು ಹೊರಟಿತು, ಪಾಕೆನ್‌ಹ್ಯಾಮ್‌ವರೆಗೆ 57 ಕಿ.ಮೀ. ಪೈಪ್‌ಲೈನೂ ಯೋಜನೆಯಲ್ಲಿತ್ತು.

ಇಳಿತದ ಹೊತ್ತಿಗೆ ಇಲ್ಲಿ ಬಂದರೆ ಕಣ್ಣು ಹಾಯುವವರೆಗೂ ಕೆಸರಿನ ಬಯಲು, ಅಂಚಿಗೆ ಕಾಂಡ್ಲಾ ಗಿಡಗಳು. ನೀರು ಸುಮಾರು 3 ಮೀಟರ್ ಏರಿಳಿಯುತ್ತದೆ, ಹಗ್ಗಗಳನ್ನು ಅದಕ್ಕೆ ತಕ್ಕಂತೆ ಬಿಗಿದು ಸಡಿಲಿಸುತ್ತಲೇ ಇರಬೇಕು. ಆದರೆ ಯೋಜನೆ ಬಿದ್ದದ್ದು ಹಗ್ಗದಿಂದಲ್ಲ, ನೀರಿನಿಂದ. ತಣ್ಣನೆಯ ದ್ರವವನ್ನು ಬಿಸಿ ಮಾಡಲು ಹಡಗು ದಿನಕ್ಕೆ 45 ಕೋಟಿ ಲೀಟರಿಗೂ ಹೆಚ್ಚು ಸಮುದ್ರದ ನೀರು ಎಳೆದುಕೊಂಡು, ಅದನ್ನು ಕ್ಲೋರಿನ್ ಸಮೇತ ತಣ್ಣಗೆ ವಾಪಸು ಬಿಡುವುದಿತ್ತು. ಕೊಲ್ಲಿಯಾದರೋ ದೂರದೇಶದ ವಲಸೆ ಹಕ್ಕಿಗಳು ಬಂದಿಳಿಯುವ, 1982ರಲ್ಲೇ ರಾಮ್ಸಾರ್ ಪಟ್ಟಿ ಸೇರಿದ ಜೌಗು. ಸ್ಥಳೀಯರು ವರ್ಷಗಟ್ಟಲೆ ಹೋರಾಡಿದರು. 2021ರ ಮಾರ್ಚ್ 30ರಂದು ವಿಕ್ಟೋರಿಯಾದ ಯೋಜನಾ ಸಚಿವ ರಿಚರ್ಡ್ ವಿನ್ ಪರಿಸರದ ಮೇಲಿನ ಪರಿಣಾಮ ಒಪ್ಪುವಂಥದ್ದಲ್ಲ ಎಂದು ತೀರ್ಮಾನಿಸಿದರು. ಇಲ್ಲಿಗೆ ಯೋಚಿಸಿದ್ದ ‘ಹೋಗ್ ಎಸ್ಪೆರಾಂಜಾ’ ಹಡಗು 2022ರ ಡಿಸೆಂಬರ್‌ನಲ್ಲಿ ಜರ್ಮನಿಯ ವಿಲ್‌ಹೆಲ್ಮ್ಸ್‌ಹಾಫನ್‌ನ ಹೊಸ ಜೆಟ್ಟಿಗೆ ಕಟ್ಟಿಕೊಂಡಿತು.

ಜೀಲಾಂಗ್: ತಣ್ಣೀರಿಗೂ ಒಂದು ಕೆಲಸ

ಮೆಲ್ಬರ್ನ್‌ನ ಸದರ್ನ್ ಕ್ರಾಸ್‌ನಿಂದ ರೈಲಿನಲ್ಲಿ ತಾಸಿನ ಹಾದಿ ಜೀಲಾಂಗ್. ಊರಿನ ಕಡಲಂಚಿನ ತುಂಬ ಆಳೆತ್ತರದ ಮರದ ಗೊಂಬೆಗಳು: ನಾವಿಕರು, ಈಜುಡುಗೆಯ ಹೆಂಗಸರು, ವಾದ್ಯದವರು. ಹಳೆಯ ಯಾರಾ ಸ್ಟ್ರೀಟ್ ಧಕ್ಕೆಯ ಕಂಬಗಳನ್ನೇ ಬಳಸಿ ಕಲಾವಿದೆ ಜಾನ್ ಮಿಚೆಲ್ ಮಾಡಿದ, ಹಡಗು ಕಟ್ಟುವ ಗೂಟದಂಥ ನೂರಕ್ಕೂ ಹೆಚ್ಚಿನ ಬೊಲಾರ್ಡ್‌ಗಳು ಇವು.

ಕೋರಿಯೋ ಕೊಲ್ಲಿಯ ಆಚೆ ದಡದಲ್ಲಿ 1954ರಲ್ಲಿ ಶುರುವಾದ ತೈಲ ಶುದ್ಧೀಕರಣ ಘಟಕದ ಚಿಮಣಿಗಳಿವೆ. ಈಗ ಅದು ವಿವಾ ಎನರ್ಜಿಯ ಕೈಯಲ್ಲಿದೆ. ಅಲ್ಲಿನ ರಿಫೈನರಿ ಪಿಯರ್‌ನ ಪಕ್ಕ ಅನಿಲದ ಹಡಗು ಕಟ್ಟುವ ಯೋಜನೆ. ಕೊಲ್ಲಿ ಶಾಂತ, ಉಬ್ಬರ ಒಂದು ಮೀಟರಿಗಿಂತ ಕಡಿಮೆ. ಹಗ್ಗಕ್ಕೆ ಒಳ್ಳೆಯ ಜಾಗ, ಆದರೆ ನೀರಿಗೆ ಆಳ ಸಾಲದು, ಹೂಳೆತ್ತಬೇಕು. ತಣ್ಣೀರಿನ ಪ್ರಶ್ನೆಗೆ ಇಲ್ಲಿ ಬೇರೆಯೇ ಉತ್ತರ: ಹಡಗು ಬಿಡುವ ತಣ್ಣೀರನ್ನು ಕೊಲ್ಲಿಗೆ ಸುರಿಯುವ ಬದಲು ಪೈಪಿನಲ್ಲಿ ರಿಫೈನರಿಗೆ ತಂದು, ಅದು ಮೊದಲಿಂದಲೂ ಯಂತ್ರ ತಣಿಸಲು ಎಳೆಯುತ್ತಿದ್ದ ಸಮುದ್ರದ ನೀರಿನ ಜಾಗದಲ್ಲಿ ಬಳಸುವುದು. ಒಬ್ಬರಿಗೆ ಬೇಡದ ತಂಪು ಇನ್ನೊಬ್ಬರಿಗೆ ಬೇಕಾದ ತಂಪು. ಅಷ್ಟಿದ್ದರೂ 2023ರಲ್ಲಿ ಸರ್ಕಾರ ಹೆಚ್ಚಿನ ಅಧ್ಯಯನ ಕೇಳಿತು. 2025ರ ಮೇ ಕೊನೆಯಲ್ಲಷ್ಟೇ ಸಚಿವೆ ಸೋನ್ಯಾ ಕಿಲ್ಕೆನಿ ಪರಿಸರದ ದೃಷ್ಟಿಯಿಂದ ಇದನ್ನು ಒಪ್ಪಬಹುದೆಂದರು.

ಲೋಕಕ್ಕೆಲ್ಲ ಅನಿಲ ಮಾರುವ ಆಸ್ಟ್ರೇಲಿಯಾಕ್ಕೆ ಆಮದು ಯಾಕೆ? ಮೆಲ್ಬರ್ನ್ ಮತ್ತು ಸಿಡ್ನಿಯ ಒಲೆಗಳಿಗೆ ಅನಿಲ ಕೊಟ್ಟ ಬಾಸ್ ಜಲಸಂಧಿಯ ಹಳೆಯ ಬಾವಿಗಳು ಬತ್ತುತ್ತಿವೆ. ಹೊಸ ಅನಿಲದ ಬಹುಪಾಲು ಇರುವುದು ದೂರದ ಉತ್ತರ, ಪಶ್ಚಿಮಗಳಲ್ಲಿ, ಅದೂ ರಫ್ತಿಗೆಂದು ನಿಗದಿಯಾಗಿ.

ನಮ್ಮ ಪಡುವಣ ಕರಾವಳಿಗೂ ಈ ಲೆಕ್ಕ ಹೊರತಲ್ಲ. ಮಂಗಳೂರಿಗೆ ಅನಿಲ ಬರುವುದು ಕೊಚ್ಚಿಯ ಪುದುವೈಪಿನ ದಡದ ಟರ್ಮಿನಲ್‌ನಿಂದ, 2021ರ ಜನವರಿಯಲ್ಲಿ ಉದ್ಘಾಟನೆಯಾದ 450 ಕಿ.ಮೀ. ಪೈಪ್‌ಲೈನಿನಲ್ಲಿ. ಅದೇ ವರ್ಷ ಮಹಾರಾಷ್ಟ್ರದ ಜೈಗಢಕ್ಕೆ ‘ಹೋಗ್ ಜೈಂಟ್’ ಎಂಬ ತೇಲುವ ಟರ್ಮಿನಲ್ ಬಂತು. ವಾಣಿಜ್ಯ ಕೆಲಸ ಶುರುವಾಗದೆ ಹೊರಟು ಕೊನೆಗೆ ಬ್ರೆಜಿಲ್ ಸೇರಿತು. ನಾಳೆ ಇಂಥ ಹಡಗು ಕರ್ನಾಟಕದ ಬಂದರಿಗೂ ಬರಬಹುದು. ಆಗ ಹಡಗಿನ ಗಾತ್ರ, ಬಾಡಿಗೆಯ ಕೋಟಿಗಳು ಸುದ್ದಿಯಾಗುತ್ತವೆ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಮುಂಗಾರಿನ ದೀರ್ಘ ಅಲೆಗಳನ್ನು ಎಷ್ಟು ವರ್ಷ ಅಳೆದಿದ್ದಾರೆ, ಕೊಕ್ಕೆ ಬಿಚ್ಚುವ ಆಜ್ಞೆ ಯಾರ ಕೈಯಲ್ಲಿದೆ, ಹಡಗು ಕುಡಿದು ಉಗುಳುವ ತಣ್ಣೀರು ಯಾರ ಬಲೆಯ ಕಡೆ ಹೋಗುತ್ತದೆ. ಈ ಮೂರಕ್ಕೆ ಉತ್ತರವಿಲ್ಲದಿದ್ದರೆ ಧಕ್ಕೆ ಕಟ್ಟುವ ಕೆಲಸವನ್ನೇ ಶುರು ಮಾಡಬಾರದು.