ಫರಸಿ ಕಲ್ಲಲ್ಲಿ ಅರಸ

ವೈಟ್‌ಫೀಲ್ಡ್ ದಾಟಿ ಕಾಡುಗೋಡಿ ಕಡೆಗೆ ಹೊರಟರೆ ರಸ್ತೆ ಬದಿಯ ಕಲ್ಲಿನಂಗಡಿಯಿಂದ ಕಟಿಂಗ್ ಮೆಷಿನ್ನಿನ ಕೀರಲು ಸದ್ದು ಕಿವಿಗೆ ಬೀಳುತ್ತದೆ. ಗರಗರ ತಿರುಗುವ ಚಕ್ರದ ಮೇಲೆ ನೀರು ಸುರಿಯುತ್ತಿದ್ದರೂ ದೂಳಿನ ಒಗರು ವಾಸನೆ ಮೂಗಿಗೆ ಅಡರುತ್ತದೆ, ಬೂದು ರಾಡಿ ಚರಂಡಿಯವರೆಗೂ ಹರಿಯುತ್ತದೆ. ಮುಂದೆ ಮಿರುಗುವ ಗ್ರಾನೈಟಿನ ಸಾಲು. ಹಿಂದೆ, ಗೋಡೆಗೆ ಒರಗಿಸಿಟ್ಟ ಮಾಸಲು ಚಪ್ಪಡಿಗಳು. 'ಫರಸಿ ರೀ, ನಮ್ ಕಡೀದು' ಎನ್ನುತ್ತಾನೆ ಕಲಬುರಗಿ ಕಡೆಯ ಹುಡುಗ, ಮಗ್ಗಿನಿಂದ ನೀರು ಚಿಮುಕಿಸುತ್ತ. ಬೂದು ಕರಗಿ ನಸುಹಸಿರು ಮೇಲೇಳುತ್ತದೆ. ಇದು ಶಹಾಬಾದ್ ಕಲ್ಲು, ಸುಣ್ಣದಕಲ್ಲು. ಉಳಿ ಇಟ್ಟು ತಟ್ಟಿದರೆ ಈರುಳ್ಳಿಯ ಹಾಗೆ ಪದರಪದರವಾಗಿ ಬಿಡಿಸಿಕೊಳ್ಳುತ್ತದೆ. ಅದೇ ಸೀಮೆಯ ವಾಡಿ, ಸೇಡಂ ಕಾರ್ಖಾನೆಗಳಲ್ಲಿ ಸುಟ್ಟು ಪುಡಿಯಾಗಿ ಸಿಮೆಂಟಾಗುವುದೂ ಸುಣ್ಣದಕಲ್ಲೇ.

ಈ ಕಲ್ಲಿಗೆ ಇನ್ನೊಂದು ಬಾಳೂ ಇತ್ತು. ಅದನ್ನು ನೋಡಬೇಕಾದರೆ ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಗೆ ಹೋಗಬೇಕು. ಭೀಮೆ ಬಳುಕಿ ಹರಿಯುವ ದಂಡೆ, ತೊಗರಿ ಹೊಲಗಳ ಕಪ್ಪು ಎರೆಮಣ್ಣು, ಸುಡುಬಿಸಿಲು. ಆ ಬಯಲಿನಲ್ಲಿ, ಒಮ್ಮೆ ಸ್ತೂಪದ ಮೈ ಹೊದ್ದಿದ್ದ ಸುಣ್ಣದಕಲ್ಲಿನ ಫಲಕಗಳು. ಒಂದರಲ್ಲಿ ಅರಸನೊಬ್ಬ ರಾಣಿಯ ಕಡೆ ಮುಖಮಾಡಿ ನಿಂತಿದ್ದಾನೆ. ತಲೆಗೆ ದಪ್ಪ ಮುಂಡಾಸು, ಕಿವಿಯಲ್ಲಿ ತೂಗುವ ಆಭರಣ. ಸುತ್ತ ಚಾಮರ ಬೀಸುವ, ಛತ್ರಿ ಹಿಡಿದ ಪರಿಚಾರಕಿಯರು. ಗಟ್ಟಿ ಗ್ರಾನೈಟಿನಲ್ಲಿ ಇಷ್ಟು ನವಿರು ಸುಲಭಕ್ಕೆ ಸಿಗದು. ಮೆದು ಕಲ್ಲು ಉಳಿಯ ಮಾತು ಕೇಳಿದೆ. ಪಕ್ಕದಲ್ಲೇ ಬ್ರಾಹ್ಮಿ ಲಿಪಿಯ ಪುಟ್ಟ ಬರಹ: 'ರಾಯೋ ಅಸೋಕೊ'. ಅಶೋಕರಾಜ!

ಈ ನೆಲ ಹೆಚ್ಚು ಸುದ್ದಿಯಾದದ್ದು 1986ರಲ್ಲಿ. ಪಕ್ಕದ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಾಣಿಸಿತು. 1994ರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕನಗನಹಳ್ಳಿಯ ದಿಬ್ಬ ಅಗೆಯಿತು. ಶಾಸನಗಳಲ್ಲಿ 'ಅಧೋಲೋಕ ಮಹಾಚೈತ್ಯ' ಎಂದು ಕರೆಸಿಕೊಂಡ ಸ್ತೂಪ ಹೊರಬಂತು. ಅಶೋಕ ಅಳಿದು ಶತಮಾನಗಳಾದ ಮೇಲೆ ಶಾತವಾಹನರ ಕಾಲದ ಶಿಲ್ಪಿಗಳು ಅವನನ್ನು ನೆನೆದು ಕೆತ್ತಿದ ಚಿತ್ರವಿದು. ಶಾತವಾಹನ ಅರಸರ ಚಿತ್ರಗಳೂ ಹೆಸರು ಹೊತ್ತು ಅಲ್ಲೇ ಇವೆ.

ಭೀಮೆ ಸೇರುವ ಕೃಷ್ಣೆಯ ಕೆಳದಂಡೆಯಲ್ಲಿ ಅಮರಾವತಿ ಇದೆ. ಅಲ್ಲಿನ ಸ್ತೂಪದ ಸುಣ್ಣದಕಲ್ಲಿನ ಹಲವು ಫಲಕಗಳು ಹತ್ತೊಂಬತ್ತನೇ ಶತಮಾನದಲ್ಲೇ ಮದ್ರಾಸು, ಲಂಡನ್ನಿನ ವಸ್ತುಸಂಗ್ರಹಾಲಯಗಳ ಪಾಲಾದವು. ಮಣ್ಣಿನಡಿ ಮಲಗಿದ್ದ ನಮ್ಮವು ಬಹುಪಾಲು ಸೀಮೆ ಬಿಡಲಿಲ್ಲ. ಸನ್ನತಿಯ ಕೆಲವು ಶಿಲ್ಪಗಳು ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ.

ಕಲಬುರಗಿಗೆ ಹೋದವರು ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ ನೋಡಿ ರೈಲು ಹತ್ತಿಬಿಡುತ್ತಾರೆ. ಇನ್ನೊಂದು ದಿನ ಉಳಿದು ಭೀಮೆಯ ದಂಡೆಗೂ ಹೋಗಿಬನ್ನಿ. ಕಲ್ಲಿನಲ್ಲಿ ಅಶೋಕನ ಚಿತ್ರವನ್ನು ಅವನ ಹೆಸರಿನೊಂದಿಗೆ ಕಾಣಲು ಕನ್ನಡಿಗರು ಪಾಟಲಿಪುತ್ರದವರೆಗೆ ಹೋಗಬೇಕಿಲ್ಲ.